ಅಸ್ಥಿಸ್ನಾಯು ಮತ್ತು ಕಾರ್ನಿಟೈನ್

ಕಾರ್ನಿಟೈನ್ ಪ್ರಾಣಿಗಳ ಶರೀರದಲ್ಲಿ, ಮುಖ್ಯವಾಗಿ ಸ್ನಾಯುಗಳಲ್ಲಿ, ಕಂಡುಬರುವ ಸಾರಜನಕಯುಕ್ತ ಸಂಯುಕ್ತ. ಉದ್ದ ಸರಪಳಿಯ ಕೊಬ್ಬಿನಾಮ್ಲಗಳನ್ನು ಜೀವಕೋಶದ ಮೈಟೊಕಾಂಡ್ರಿಯದೊಳಕ್ಕೆ ಸಾಗಿಸುವುದು ಇದರ ಪ್ರಧಾನ ಕಾರ್ಯ. ವಯಸ್ಕ ಮನುಷ್ಯನ ದೇಹದಲ್ಲಿ ಸುಮಾರು 20ರಿಂದ 25 ಗ್ರಾಂ ಕಾರ್ನಿಟೈನ್ ಇರುತ್ತದೆ. ಇದರ ಬಹುಪಾಲು ಇರುವುದು ಅಸ್ಥಿಸ್ನಾಯುಗಳಲ್ಲಿ, ಅಂದರೆ ಮೂಳೆಗಳಿಗೆ ಅಂಟಿಕೊಂಡು ಚಲನೆಯನ್ನು ಉಂಟುಮಾಡುವ ಸ್ನಾಯುಗಳಲ್ಲಿ. ಇಷ್ಟೊಂದು ಕಾರ್ನಿಟೈನನ್ನು ಹಿಡಿದಿಟ್ಟುಕೊಳ್ಳುವ ಸ್ನಾಯುವಿಗೆ ಅದನ್ನು ಪೂರ್ಣವಾಗಿ ತಯಾರಿಸಿಕೊಳ್ಳುವ ಸಾಮರ್ಥ್ಯವಿಲ್ಲ. ಅದು ರಕ್ತದಿಂದಲೇ ಹೀರಿಕೊಳ್ಳಬೇಕು.

ಇತಿಹಾಸ

1905ರಲ್ಲಿ ರಷ್ಯಾದ ವಿಜ್ಞಾನಿಗಳಾದ ಗುಲೆವಿಚ್ ಮತ್ತು ಕ್ರಿಂಬರ್ಗ್ ಮಾಂಸದ ಸಾರದಿಂದ ಈ ವಸ್ತುವನ್ನು ಬೇರ್ಪಡಿಸಿದರು. ಮಾಂಸ ಎಂಬ ಅರ್ಥದ ಲ್ಯಾಟಿನ್ ಪದದಿಂದ ಇದಕ್ಕೆ ಕಾರ್ನಿಟೈನ್ ಎಂಬ ಹೆಸರು ಬಂದಿತು. ಇದರ ರಾಸಾಯನಿಕ ರಚನೆ 1927ರಲ್ಲಿ ಖಚಿತವಾಯಿತು. ಹಿಟ್ಟಿನಲ್ಲಿ ಬೆಳೆಯುವ ಒಂದು ಜಾತಿಯ ಹುಳುವಿನ ಬೆಳವಣಿಗೆಗೆ ಅವಶ್ಯವೆಂದು ಕಂಡುಬಂದ 'ವಿಟಮಿನ್ ಬಿಟಿ' ಎಂಬುದು ಕಾರ್ನಿಟೈನೇ ಎಂದು 1952ರಲ್ಲಿ ತಿಳಿದುಬಂದಿತು. ಮನುಷ್ಯನ ದೇಹ ಇದನ್ನು ತಾನೇ ತಯಾರಿಸಿಕೊಳ್ಳುವುದರಿಂದ ಇದು ವಿಟಮಿನ್ ಎನಿಸುವುದಿಲ್ಲ. ಕೊಬ್ಬಿನಾಮ್ಲಗಳ ಉತ್ಕರ್ಷಣೆಯನ್ನು ಇದು ಹೆಚ್ಚಿಸುತ್ತದೆಂದು 1950ರ ದಶಕದಲ್ಲಿ ಇರ್ವಿಂಗ್ ಫ್ರಿಟ್ಜ್ ತೋರಿಸಿದರು. ಸ್ನಾಯುವಿನಲ್ಲಿ ಕಾರ್ನಿಟೈನ್ ಕೊರತೆಯಿದ್ದ ರೋಗಿಯ ವಿವರವನ್ನು 1973ರಲ್ಲಿ ಏಂಜೆಲ್ ಮತ್ತು ಆಂಜೆಲಿನಿ ಮೊದಲ ಬಾರಿಗೆ ಪ್ರಕಟಿಸಿದರು.

ಉತ್ಪತ್ತಿ ಮತ್ತು ಮೂಲಗಳು

ಲೈಸಿನ್ ಮತ್ತು ಮೆಥಿಯೊನಿನ್ ಎಂಬ ಎರಡು ಅಮೈನೋ ಆಮ್ಲಗಳಿಂದ ದೇಹವು ಕಾರ್ನಿಟೈನನ್ನು ತಯಾರಿಸುತ್ತದೆ. ಈ ಕ್ರಿಯೆಗೆ ಕಬ್ಬಿಣಾಂಶ ಮತ್ತು ಸಿ ವಿಟಮಿನ್ ಬೇಕು. ಕೊನೆಯ ಹಂತಕ್ಕೆ ಅಗತ್ಯವಾದ ಕಿಣ್ವವು ಯಕೃತ್ತು, ಮೂತ್ರಪಿಂಡ ಮತ್ತು ಮಿದುಳಿನಲ್ಲಿದೆ, ಸ್ನಾಯುವಿನಲ್ಲಿಲ್ಲ. ಆಹಾರದಲ್ಲಿ ಮಾಂಸ, ಅದರಲ್ಲೂ ಕೆಂಪು ಮಾಂಸ, ಇದರ ಸಮೃದ್ಧ ಮೂಲ. ಹಾಲಿನಲ್ಲಿ ಸ್ವಲ್ಪ ಪ್ರಮಾಣದಲ್ಲಿದ್ದು, ಧಾನ್ಯ ಮತ್ತು ತರಕಾರಿಗಳಲ್ಲಿ ಅತ್ಯಲ್ಪ. ಆದರೂ ಆರೋಗ್ಯವಂತ ಸಸ್ಯಾಹಾರಿಗಳಲ್ಲಿ ಸಾಮಾನ್ಯವಾಗಿ ಕೊರತೆ ಉಂಟಾಗುವುದಿಲ್ಲ. ದೇಹದ ಸ್ವಂತ ಉತ್ಪಾದನೆ ಒಂದು ಕಾರಣ. ಸೋಸಿದ ಕಾರ್ನಿಟೈನಿನ ಬಹುಪಾಲನ್ನು ಮೂತ್ರಪಿಂಡಗಳು ಮರಳಿ ರಕ್ತಕ್ಕೆ ಸೇರಿಸುವುದು ಇನ್ನೊಂದು ಕಾರಣ.

ಸ್ನಾಯುವಿನೊಳಕ್ಕೆ ಪ್ರವೇಶ

ಸ್ನಾಯುಕೋಶದೊಳಗಿನ ಕಾರ್ನಿಟೈನಿನ ಸಾಂದ್ರತೆಯು ರಕ್ತದಲ್ಲಿರುವುದಕ್ಕಿಂತ 50 ಪಟ್ಟಿಗೂ ಹೆಚ್ಚು. ಕಡಿಮೆ ಇರುವಲ್ಲಿಂದ ಹೆಚ್ಚು ಇರುವಲ್ಲಿಗೆ ವಸ್ತುವೊಂದು ತಾನಾಗಿ ಹರಿಯದು; ಅದಕ್ಕೆ ಶಕ್ತಿ ವ್ಯಯವಾಗಬೇಕು. ಈ ಕೆಲಸವನ್ನು ಕೋಶದ ಪೊರೆಯಲ್ಲಿರುವ ಒಸಿಟಿಎನ್2 ಎಂಬ ಸಾಗಣೆ ಪ್ರೋಟೀನ್ ನಿರ್ವಹಿಸುತ್ತದೆ. ಕೋಶದ ಹೊರಗೆ ಸೋಡಿಯಂ ಅಯಾನುಗಳು ಹೆಚ್ಚು, ಒಳಗೆ ಕಡಿಮೆ. ಸೋಡಿಯಂ ಒಳಕ್ಕೆ ನುಗ್ಗುವಾಗ ಅದರ ಜೊತೆಯಲ್ಲಿ ಕಾರ್ನಿಟೈನ್ ಕೂಡ ಒಳಸೇರುತ್ತದೆ. ಹೀಗೆ ಬಂದ ಸೋಡಿಯಮನ್ನು ಪೊರೆಯ ಸೋಡಿಯಂ-ಪೊಟ್ಯಾಸಿಯಂ ಪಂಪ್ ಎಟಿಪಿಯನ್ನು ಬಳಸಿ ಮತ್ತೆ ಹೊರಹಾಕುತ್ತದೆ. ಆದ್ದರಿಂದ ಕಾರ್ನಿಟೈನ್ ಹೀರುವಿಕೆಗೆ ಬೇಕಾದ ಶಕ್ತಿಯು ಪರೋಕ್ಷವಾಗಿ ಎಟಿಪಿಯಿಂದಲೇ ದೊರೆಯುತ್ತದೆ.

ರಕ್ತದಲ್ಲಿ ಸಹಜವಾಗಿರುವ ಪ್ರಮಾಣದಲ್ಲೇ ಈ ಸಾಗಣೆ ಪ್ರೋಟೀನ್ ಬಹುಮಟ್ಟಿಗೆ ತನ್ನ ಪೂರ್ಣ ಸಾಮರ್ಥ್ಯದಲ್ಲಿ ಕೆಲಸ ಮಾಡುತ್ತಿರುತ್ತದೆ. ಹೀಗಾಗಿ ರಕ್ತದ ಕಾರ್ನಿಟೈನನ್ನು ಹೆಚ್ಚಿಸಿದ ಮಾತ್ರಕ್ಕೆ ಸ್ನಾಯುವಿನ ಸಂಗ್ರಹ ಅಷ್ಟೇ ಬೇಗ ಏರುವುದಿಲ್ಲ. ಇನ್ಸುಲಿನ್ ಮಾತ್ರ ಹೀರುವಿಕೆಯನ್ನು ಹೆಚ್ಚಿಸಬಲ್ಲದು. ಅದು ಸೋಡಿಯಂ ಪಂಪನ್ನು ಚುರುಕುಗೊಳಿಸುವುದು ಇದಕ್ಕೆ ಕಾರಣವೆಂದು ಭಾವಿಸಲಾಗಿದೆ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಇನ್ಸುಲಿನ್ ಏರುವಂತೆ ಕಾರ್ಬೋಹೈಡ್ರೇಟಿನೊಂದಿಗೆ 24 ವಾರಗಳ ಕಾಲ ಕಾರ್ನಿಟೈನ್ ಸೇವಿಸಿದವರ ಸ್ನಾಯುವಿನಲ್ಲಿ ಅದರ ಪ್ರಮಾಣ ಸುಮಾರು ಶೇಕಡ 21ರಷ್ಟು ಹೆಚ್ಚಿತು.

ಶಕ್ತಿ ಉತ್ಪಾದನೆಯಲ್ಲಿ ಪಾತ್ರ

ಉದ್ದ ಸರಪಳಿಯ ಕೊಬ್ಬಿನಾಮ್ಲವು ಮೈಟೊಕಾಂಡ್ರಿಯದ ಒಳಪೊರೆಯನ್ನು ನೇರವಾಗಿ ದಾಟಲಾರದು. ಸಿಪಿಟಿ1 ಎಂಬ ಕಿಣ್ವವು ಅದನ್ನು ಕಾರ್ನಿಟೈನಿಗೆ ಜೋಡಿಸುತ್ತದೆ. ಪೊರೆಯ ಮತ್ತೊಂದು ಪ್ರೋಟೀನ್ ಆ ಜೋಡಿಯನ್ನು ಒಳಕ್ಕೆ ಬಿಡುತ್ತದೆ. ಒಳಗೆ ಸಿಪಿಟಿ2 ಕಿಣ್ವವು ಎರಡನ್ನೂ ಬೇರ್ಪಡಿಸುತ್ತದೆ. ಕೊಬ್ಬಿನಾಮ್ಲ ಉತ್ಕರ್ಷಣೆಗೊಂಡು ಶಕ್ತಿ ನೀಡಿದರೆ, ಕಾರ್ನಿಟೈನ್ ಹಿಂದಿರುಗುತ್ತದೆ. ಹೊಳೆ ದಾಟಿಸುವ ಹರಿಗೋಲಿನಂತೆ ಅದು ಪ್ರಯಾಣಿಕರನ್ನು ಇಳಿಸಿ ಮರಳಿ ಬರುವುದರಿಂದ, ಈ ಕ್ರಿಯೆಯಲ್ಲಿ ಅದು ಖರ್ಚಾಗುವುದಿಲ್ಲ.

ಕಾರ್ನಿಟೈನಿಗೆ ಇನ್ನೊಂದು ಕಾರ್ಯವೂ ಇದೆ. ತೀವ್ರ ವ್ಯಾಯಾಮದ ವೇಳೆ ಅಸಿಟೈಲ್ ಗುಂಪುಗಳು ಬಳಕೆಯ ವೇಗವನ್ನು ಮೀರಿ ಉತ್ಪತ್ತಿಯಾದಾಗ ಕಾರ್ನಿಟೈನ್ ಅವುಗಳನ್ನು ಹಿಡಿದಿಟ್ಟುಕೊಂಡು ಅಸಿಟೈಲ್‌ಕಾರ್ನಿಟೈನ್ ಆಗುತ್ತದೆ. ಆಗ ಸ್ವತಂತ್ರ ಕಾರ್ನಿಟೈನ್ ಕಡಿಮೆಯಾಗುತ್ತದೆ. ತೀವ್ರ ವ್ಯಾಯಾಮದಲ್ಲಿ ಕೊಬ್ಬಿನ ಬಳಕೆ ತಗ್ಗಲು ಇದೂ ಒಂದು ಕಾರಣವೆಂದು ಪರಿಗಣಿಸಲಾಗಿದೆ.

ಕೊರತೆ

ಒಸಿಟಿಎನ್2 ಪ್ರೋಟೀನಿನ ಜೀನ್ ದೋಷಯುಕ್ತವಾದಾಗ ಪ್ರಾಥಮಿಕ ಕಾರ್ನಿಟೈನ್ ಕೊರತೆ ಉಂಟಾಗುತ್ತದೆ. ತಂದೆ ಮತ್ತು ತಾಯಿ ಇಬ್ಬರಿಂದಲೂ ದೋಷಯುಕ್ತ ಜೀನ್ ಪಡೆದ ಮಕ್ಕಳಲ್ಲಿ ಈ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಸ್ನಾಯು ಕಾರ್ನಿಟೈನನ್ನು ಹೀರಲಾರದು. ಮೂತ್ರಪಿಂಡವೂ ಅದನ್ನು ಉಳಿಸಿಕೊಳ್ಳಲಾರದು. ಶಿಶುಗಳಲ್ಲಿ ಉಪವಾಸ ಅಥವಾ ಜ್ವರದ ಸಂದರ್ಭದಲ್ಲಿ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ಕೆಲವರಲ್ಲಿ ಸ್ನಾಯುದೌರ್ಬಲ್ಯ ಮತ್ತು ಹೃದಯಸ್ನಾಯುವಿನ ರೋಗ ಕಾಣಿಸಿಕೊಳ್ಳುತ್ತವೆ. ಹಠಾತ್ ಮರಣವೂ ಸಂಭವಿಸಬಹುದು. ಅಪರೂಪವಾದ ಈ ಕಾಯಿಲೆ ಉತ್ತರ ಅಟ್ಲಾಂಟಿಕ್ ಸಾಗರದ ಫಾರೋ ದ್ವೀಪಗಳಲ್ಲಿ ಮಾತ್ರ ಗಮನಾರ್ಹವಾಗಿ ಹೆಚ್ಚು. ರೋಗವನ್ನು ಬೇಗ ಗುರುತಿಸಿ ಜೀವನಪರ್ಯಂತ ಎಲ್-ಕಾರ್ನಿಟೈನ್ ನೀಡಿದರೆ ಹೆಚ್ಚಿನ ಮಕ್ಕಳು ಆರೋಗ್ಯವಾಗಿ ಬೆಳೆಯುತ್ತಾರೆ. ಆದುದರಿಂದಲೇ ಹಲವು ದೇಶಗಳಲ್ಲಿ ನವಜಾತ ಶಿಶುಗಳ ರಕ್ತಪರೀಕ್ಷೆಯಲ್ಲಿ ಇದನ್ನು ಸೇರಿಸಲಾಗಿದೆ. ದೀರ್ಘಕಾಲದ ಡಯಾಲಿಸಿಸ್ ಮತ್ತು ಅಪಸ್ಮಾರಕ್ಕೆ ನೀಡುವ ವಾಲ್ಪ್ರೋಯೇಟ್ ಔಷಧಿಯಿಂದಲೂ ಕಾರ್ನಿಟೈನ್ ಕಡಿಮೆಯಾಗಬಹುದು.

ಪೂರಕ ಆಹಾರವಾಗಿ ಬಳಕೆ

ತೂಕ ಇಳಿಸಲು ಮತ್ತು ಕ್ರೀಡಾಸಾಮರ್ಥ್ಯ ಹೆಚ್ಚಿಸಲು ಕಾರ್ನಿಟೈನ್ ಮಾತ್ರೆಗಳು ಮಾರಾಟವಾಗುತ್ತವೆ. ಆದರೆ ಮಾತ್ರೆಯ ರೂಪದ ಕಾರ್ನಿಟೈನಿನ ಅಲ್ಪಭಾಗ ಮಾತ್ರ ಕರುಳಿನಿಂದ ರಕ್ತಕ್ಕೆ ಸೇರುತ್ತದೆ. ಸೇರಿದ್ದರಲ್ಲಿ ಹೆಚ್ಚುವರಿಯಾದದ್ದು ಮೂತ್ರದಲ್ಲಿ ಹೊರಹೋಗುತ್ತದೆ. ಕೊರತೆಯಿರುವ ರೋಗಿಗೆ ಕಾರ್ನಿಟೈನ್ ಜೀವರಕ್ಷಕ ಔಷಧಿ. ಆರೋಗ್ಯವಂತರ ವಿಷಯದಲ್ಲಿ ಅದರ ಪ್ರಯೋಜನ ಸೀಮಿತ.