ನೆರೆ ದೇಶಗಳ ಸುಂಕ ಒಕ್ಕೂಟ: ನಡುವಣ ಬೇಲಿ ಕಿತ್ತು ಸುತ್ತಲೂ ಒಂದೇ ಬೇಲಿ



ಮುಸುಕಿನ ಜೋಳದ ಬೆಲೆ ಇಳಿದಾಗ "ಹೊರದೇಶದ ಮಾಲು ಬಂತಂತೆ, ಸುಂಕ ಇಳಿಸಿದರಂತೆ" ಎಂಬ ಮಾತು ಸಂತೆಯಲ್ಲಿ ಕೇಳಿಬರುವುದುಂಟು. ಸುಂಕ ಏರಿದರೆ ಯಾರಿಗೆ ಲಾಭ, ಇಳಿದರೆ ಯಾರಿಗೆ ನಷ್ಟ ಎಂಬುದು ದೊಡ್ಡ ವರ್ತಕರಿಗೆ ಮಾತ್ರ ಸೇರಿದ ವಿಷಯವಲ್ಲ. ಬೆಳೆಯುವವರೂ ಅದನ್ನು ತಿಳಿದಿರುವುದು ಒಳ್ಳೆಯದು. ಆದುದರಿಂದ ನೆರೆಹೊರೆಯ ದೇಶಗಳು ಕೂಡಿ ಮಾಡಿಕೊಳ್ಳುವ "ಸುಂಕ ಒಕ್ಕೂಟ" ಎಂಬ ಏರ್ಪಾಡನ್ನು ಇಲ್ಲಿ ವಿವರಿಸಿದ್ದೇನೆ.

ಉದಾಹರಣೆಗೆ ಪೂರ್ವ ಆಫ್ರಿಕವನ್ನು ತೆಗೆದುಕೊಳ್ಳೋಣ. ಆ ಸೀಮೆ ನಮಗೆ ತೀರ ಅಪರಿಚಿತವಲ್ಲ. ನಾವು ಬೆಳೆಯುವ ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ಪ್ರದೇಶಗಳೇ. ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ ರಾಗಿಗೆ "ವಿಂಬಿ" ಎನ್ನುತ್ತಾರೆ. ಮುಸುಕಿನ ಜೋಳದ ಹಿಟ್ಟಿನಿಂದ "ಉಗಾಲಿ" ಎಂಬ ಗಟ್ಟಿ ಮುದ್ದೆ ಮಾಡಿ ಉಣ್ಣುತ್ತಾರೆ. ಅಲ್ಲಿಯೂ ಹೆಚ್ಚಿನವರು ಮಳೆಯನ್ನು ನಂಬಿದ ಸಣ್ಣ ಹಿಡುವಳಿದಾರರು.

ಸುಂಕ ಎಂದರೇನು?

ಒಂದು ದೇಶದ ಸರಕು ಇನ್ನೊಂದು ದೇಶದ ಗಡಿ ದಾಟುವಾಗ ಕೊಡಬೇಕಾದ ತೆರಿಗೆಯೇ ಸುಂಕ. ನೂರು ರೂಪಾಯಿಯ ಸರಕಿಗೆ ಶೇಕಡ 25 ಸುಂಕ ಹಾಕಿದರೆ, ಒಳಗೆ ಬರುವ ಹೊತ್ತಿಗೆ ಅದರ ಬೆಲೆ 125 ರೂಪಾಯಿ ಆಗುತ್ತದೆ. ಇದರಿಂದ ಸರ್ಕಾರಕ್ಕೆ ಹಣ ಬರುತ್ತದೆ, ಒಳಗಿನ ಬೆಳೆಗಾರನಿಗೆ ರಕ್ಷಣೆ ಸಿಗುತ್ತದೆ. ಆದರೆ ಕೊಳ್ಳುವವನ ಕೈಯಿಂದ ಹೆಚ್ಚು ಹಣ ಹೋಗುತ್ತದೆ.

ಸುಂಕದ ಕಟ್ಟೆಯಲ್ಲಿ ಹಣ ಮಾತ್ರವಲ್ಲ, ಹೊತ್ತೂ ಹೋಗುತ್ತದೆ. "ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ" ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ನಮ್ಮ ಪಟ್ಟಣಗಳ ಹೊರಗೆ ಜಕಾತಿ ಕಟ್ಟೆಗಳ ಮುಂದೆ ಗಾಡಿ ನಿಲ್ಲಿಸುತ್ತಿದ್ದುದನ್ನು ಹಿರಿಯರು ಬಲ್ಲರು. 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲೆ ರಾಜ್ಯ ರಾಜ್ಯಗಳ ನಡುವಣ ವಾಣಿಜ್ಯ ತೆರಿಗೆಯ ಚೆಕ್‌ಪೋಸ್ಟುಗಳೂ ಎದ್ದುಹೋದವು. ಒಂದೇ ದೇಶದೊಳಗೆ ಹೀಗೆ ಮಾಡಲು ಇಷ್ಟು ವರ್ಷ ಹಿಡಿಯಿತು. ಬೇರೆ ಬೇರೆ ದೇಶಗಳ ನಡುವೆ ಮಾಡುವುದು ಇನ್ನೂ ಕಷ್ಟ.

ನಾಲ್ಕು ಹೊಲ, ಒಂದು ಬೇಲಿ

ಒತ್ತೊತ್ತಾಗಿ ನಾಲ್ಕು ಚೌಕದ ಹೊಲಗಳಿವೆ ಎಂದುಕೊಳ್ಳಿ. ನಾಲ್ವರೂ ತಮ್ಮ ತಮ್ಮ ಹೊಲದ ಸುತ್ತ ಮುಳ್ಳಿನ ಬೇಲಿ ಹಾಕಿದ್ದಾರೆ. ಗಾಡಿ ಒಂದರಿಂದ ಇನ್ನೊಂದಕ್ಕೆ ಹೋಗದು, ನೇಗಿಲು ತಿರುಗಲು ಜಾಗವಿಲ್ಲ. ನಾಲ್ವರೂ ಕೂಡಿ ನಡುವಣ ಬೇಲಿಯನ್ನು ಕಿತ್ತು, ಸುತ್ತಲೂ ಒಂದೇ ಬೇಲಿ ಹಾಕಿದರೆ ಬೇಲಿಯ ಉದ್ದ ಅರ್ಧಕ್ಕೆ ಇಳಿಯುತ್ತದೆ. ಗಾಡಿ ಸಲೀಸಾಗಿ ಓಡಾಡುತ್ತದೆ.

ಆದರೆ ಇದಕ್ಕೆ ಒಂದು ನಿಯಮವುಂಟು. ಹೊರ ಬೇಲಿ ಎಲ್ಲ ಕಡೆಯೂ ಒಂದೇ ಎತ್ತರವಿರಬೇಕು. ಒಬ್ಬನು ತನ್ನ ಭಾಗದಲ್ಲಿ ತಗ್ಗಿಸಿದರೆ ದನ ಅಲ್ಲಿಂದ ನುಗ್ಗಿ ನಾಲ್ವರ ಪೈರನ್ನೂ ಮೇಯುತ್ತದೆ.

ಸುಂಕ ಒಕ್ಕೂಟವೂ ಹೀಗೆಯೇ. ಅದರಲ್ಲಿ ಮೂರು ಅಂಗಗಳಿವೆ.

1. ಸದಸ್ಯ ದೇಶಗಳು ಒಂದರ ಸರಕಿಗೆ ಇನ್ನೊಂದು ಸುಂಕ ಹಾಕುವುದಿಲ್ಲ.
2. ಹೊರಗಿನ ದೇಶಗಳ ಸರಕಿಗೆ ಎಲ್ಲರೂ ಒಂದೇ ದರದ ಸುಂಕ ಹಾಕುತ್ತಾರೆ.
3. ಹಾಗೆ ಬಂದ ಸುಂಕದ ಹಣ ಯಾರಿಗೆ ಸೇರಬೇಕು ಎಂಬುದನ್ನು ಮೊದಲೇ ಗೊತ್ತು ಮಾಡಿಕೊಳ್ಳುತ್ತಾರೆ.

ಮೊದಲನೆಯದು ಸುಲಭವೆಂದು ತೋರುತ್ತದೆ. ಒಕ್ಕೂಟ ಉಳಿಯುವುದೂ ಮುರಿಯುವುದೂ ಎರಡನೆಯ ಮತ್ತು ಮೂರನೆಯ ಅಂಗಗಳ ಮೇಲೆ.

ಮೊದಲ ಒಕ್ಕೂಟ ಮುರಿದ ಬಗೆ

ಪೂರ್ವ ಆಫ್ರಿಕದಲ್ಲಿ ಈ ಏರ್ಪಾಡು ಹಳೆಯದು. ಬ್ರಿಟಿಷರ ಆಳ್ವಿಕೆಯಲ್ಲಿ 1917ರಲ್ಲಿಯೇ ಕೀನ್ಯಾ ಮತ್ತು ಉಗಾಂಡಾ ಸುಂಕದ ಮಟ್ಟಿಗೆ ಒಂದಾದವು. 1920ರ ದಶಕದಲ್ಲಿ ಟಾಂಗಾನಿಕಾ ಸೇರಿತು. ಅದೇ ಇಂದಿನ ಟಾಂಜಾನಿಯಾದ ಮುಖ್ಯ ಭೂಭಾಗ. ಮೂರೂ ದೇಶಗಳು 1961ರಿಂದ 1963ರೊಳಗೆ ಸ್ವತಂತ್ರವಾದವು. ತಮ್ಮ ಇಚ್ಛೆಯಿಂದಲೇ 1967ರಲ್ಲಿ ಒಪ್ಪಂದ ಮಾಡಿಕೊಂಡು ಪೂರ್ವ ಆಫ್ರಿಕ ಸಮುದಾಯವನ್ನು ಕಟ್ಟಿದವು. ಅದರ ಕೇಂದ್ರ ಟಾಂಜಾನಿಯಾದ ಅರುಷಾ ಪಟ್ಟಣ. ರೈಲು, ಬಂದರು, ಅಂಚೆ, ವಿಮಾನ ಎಲ್ಲವೂ ಮೂವರಿಗೂ ಕೂಡಿಯೇ ಇದ್ದವು.

ಹತ್ತು ವರ್ಷಗಳಲ್ಲಿ, 1977ರಲ್ಲಿ, ಈ ಸಮುದಾಯ ಮುರಿದುಬಿತ್ತು. ಕಾರಣಗಳು ಹಲವು. ಉಗಾಂಡಾದಲ್ಲಿ 1971ರಲ್ಲಿ ಇದಿ ಅಮೀನ್ ಸೈನ್ಯದ ಬಲದಿಂದ ಅಧಿಕಾರ ಹಿಡಿದನು. ಟಾಂಜಾನಿಯಾದ ಅಧ್ಯಕ್ಷ ಜೂಲಿಯಸ್ ನೈರೇರೆಯವರು ಅವನೊಡನೆ ಒಂದೇ ಸಭೆಯಲ್ಲಿ ಕೂರಲು ಒಪ್ಪಲಿಲ್ಲ. ಇದು ರಾಜಕೀಯ.

ಆದರೆ ಅದಕ್ಕೂ ಮುಂಚಿನಿಂದ ಒಳಗೊಳಗೆ ಒಂದು ಅಸಮಾಧಾನ ಬೆಳೆದಿತ್ತು. ಕಾರ್ಖಾನೆಗಳು ಹೆಚ್ಚಾಗಿ ಇದ್ದದ್ದು ಕೀನ್ಯಾದಲ್ಲಿ. ನಡುವಣ ಬೇಲಿ ಇಲ್ಲದ ಕಾರಣ ಕೀನ್ಯಾದ ತಯಾರಿ ಮಾಲು ಉಳಿದ ಎರಡು ದೇಶಗಳಿಗೆ ಧಾರಾಳವಾಗಿ ಹೋಗುತ್ತಿತ್ತು. ಹೊರ ಬೇಲಿ ಎತ್ತರವಿದ್ದ ಕಾರಣ ಆ ದೇಶದವರು ಹೊರಗಿನ ಅಗ್ಗದ ಮಾಲನ್ನು ಕೊಳ್ಳುವಂತಿರಲಿಲ್ಲ. ಬೇಲಿಯ ಖರ್ಚು ಮೂವರದು, ಫಸಲು ಹೆಚ್ಚಾಗಿ ಒಬ್ಬನದು ಎಂಬ ಭಾವನೆ ಮೂಡಿತು. ಇದನ್ನು ಸರಿಪಡಿಸಲು, ಹಿಂದುಳಿದ ದೇಶವು ಮುಂದಾದ ದೇಶದ ತಯಾರಿ ಮಾಲಿನ ಮೇಲೆ ಕೆಲವು ಕಾಲ ತೆರಿಗೆ ಹಾಕಬಹುದೆಂದು 1967ರ ಒಪ್ಪಂದದಲ್ಲಿ ಬರೆದಿದ್ದರು. ಒಂದು ಅಭಿವೃದ್ಧಿ ಬ್ಯಾಂಕನ್ನೂ ತೆರೆದರು. ಅವು ಸಾಲದೇ ಹೋದವು.

1977ರಲ್ಲಿ ಟಾಂಜಾನಿಯಾ ಕೀನ್ಯಾದ ಕಡೆಯ ಗಡಿಯನ್ನು ಮುಚ್ಚಿತು. ಅದು ಮತ್ತೆ ತೆರೆದದ್ದು 1983ರಲ್ಲಿ. ಕೂಡು ಆಸ್ತಿಯ ಪಾಲುಪಟ್ಟಿ ಮುಗಿಯಲು 1984ರವರೆಗೆ ಹಿಡಿಯಿತು. ಮನೆ ಪಾಲಾದಾಗ ಆಗುವ ಕಷ್ಟಗಳನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಎರಡನೆಯ ಸಲ ಕಟ್ಟಿದ ಬಗೆ

1999ರ ನವೆಂಬರ್ 30ರಂದು ಅದೇ ಮೂರು ದೇಶಗಳು ಹೊಸ ಒಪ್ಪಂದಕ್ಕೆ ಸಹಿ ಹಾಕಿದವು. ಸುಂಕ ಒಕ್ಕೂಟವು 2005ರ ಜನವರಿ 1ರಿಂದ ಜಾರಿಗೆ ಬಂದಿತು. ಈ ಸಲ ಹಿಂದಿನ ಪಾಠವನ್ನು ನೆನಪಿನಲ್ಲಿಟ್ಟು ಬೇಲಿ ಕೀಳುವ ಕ್ರಮವನ್ನೇ ಬದಲಿಸಿದರು. ಉಗಾಂಡಾ ಮತ್ತು ಟಾಂಜಾನಿಯಾದ ಸರಕು ಕೀನ್ಯಾಕ್ಕೆ ಮೊದಲ ದಿನದಿಂದಲೇ ಸುಂಕವಿಲ್ಲದೆ ಹೋಗಬಹುದು. ಆದರೆ ಕೀನ್ಯಾದ ಕೆಲವು ಸರಕುಗಳ ಮೇಲೆ ಆ ಎರಡು ದೇಶಗಳು ಸುಂಕ ಇಟ್ಟುಕೊಂಡು, ವರ್ಷವರ್ಷವೂ ಇಳಿಸುತ್ತ ಐದು ವರ್ಷಗಳಲ್ಲಿ ತೆಗೆದುಹಾಕಬೇಕು. ಬಲವಂತನು ಮೊದಲು ಬಾಗಿಲು ತೆರೆಯಬೇಕು, ಬಡವನಿಗೆ ಸಾವರಿಸಿಕೊಳ್ಳಲು ಕಾಲ ಕೊಡಬೇಕು ಎಂಬುದೇ ಇದರ ತಿರುಳು. 2010ರ ಹೊತ್ತಿಗೆ ಈ ಸುಂಕಗಳು ತೀರಿದವು.

ಹೊರ ಬೇಲಿಯ ಎತ್ತರವನ್ನು ಹೀಗೆ ಗೊತ್ತು ಮಾಡಿದರು: ಕಚ್ಚಾ ಮಾಲಿಗೆ ಸುಂಕವಿಲ್ಲ, ಅರ್ಧ ತಯಾರಾದ ಮಾಲಿಗೆ ಶೇಕಡ 10, ಪೂರ್ತಿ ತಯಾರಾದ ಮಾಲಿಗೆ ಶೇಕಡ 25. ಕೆಲವು ಮಾಲುಗಳಿಗೆ 2022ರಲ್ಲಿ ಶೇಕಡ 35ರ ದರವನ್ನೂ ಸೇರಿಸಿದರು. ರೈತರು ಬೆಳೆಯುವ ಪದಾರ್ಥಗಳಿಗೆ ಮೊದಲಿನಿಂದಲೂ ಹೆಚ್ಚಿನ ರಕ್ಷಣೆ ಇಟ್ಟರು. ಹೊರಗಿನಿಂದ ಬರುವ ಮುಸುಕಿನ ಜೋಳಕ್ಕೆ ಶೇಕಡ 50, ಹಾಲಿಗೆ ಶೇಕಡ 60, ಅಕ್ಕಿಗೆ ಶೇಕಡ 75 ಎಂದು ಬರೆದರು.

ಆ ಮೇಲೆ ರುವಾಂಡಾ, ಬುರುಂಡಿ, ದಕ್ಷಿಣ ಸೂಡಾನ್, ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯ ಸಮುದಾಯಕ್ಕೆ ಬಂದವು. 2024ರಲ್ಲಿ ಸೊಮಾಲಿಯಾ ಸೇರಿ ಒಟ್ಟು ಎಂಟು ದೇಶಗಳಾದವು.

ಇದರಿಂದಾದ ಅನುಕೂಲ

ಉಗಾಂಡಾಕ್ಕೆ ಸಮುದ್ರವಿಲ್ಲ. ಅದರ ಸರಕು ಕೀನ್ಯಾದ ಮೊಂಬಾಸಾ ಬಂದರಿನಲ್ಲಿ ಇಳಿದು, ರಾಜಧಾನಿ ಕಂಪಾಲಾ ಸೇರಲು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಹೋಗಬೇಕು. ಹಿಂದೆ ಗಡಿಯಲ್ಲಿ ಎರಡು ಸಲ ತಪಾಸಣೆ. ಒಂದು ದೇಶದ ಕಚೇರಿಯಲ್ಲಿ ಮುದ್ರೆ ಹಾಕಿಸಿ, ಗಡಿ ದಾಟಿ, ಮತ್ತೆ ಇನ್ನೊಂದು ದೇಶದ ಕಚೇರಿಯಲ್ಲಿ ಸಾಲು ನಿಲ್ಲಬೇಕಾಗಿತ್ತು.

2014ರಿಂದ "ಒಂದೇ ಸುಂಕ ಪ್ರದೇಶ" ಎಂಬ ಪದ್ಧತಿಯನ್ನು ತಂದರು. ಸರಕು ಬಂದರಿನಿಂದ ಹೊರಡುವ ಮೊದಲೇ, ಅದು ಮುಟ್ಟಬೇಕಾದ ದೇಶಕ್ಕೆ ಸುಂಕ ಸಲ್ಲುತ್ತದೆ. ಹೀಗಾಗಿ ಹಣ ಯಾರದು ಎಂಬ ಜಗಳಕ್ಕೆ ಎಡೆ ಕಡಿಮೆ. ಕೀನ್ಯಾ ಮತ್ತು ಉಗಾಂಡಾದ ನಡುವಣ ಬುಸಿಯಾ ಎಂಬಲ್ಲಿ ಎರಡೂ ದೇಶಗಳ ಅಧಿಕಾರಿಗಳು ಒಂದೇ ಚಾವಣಿಯ ಕೆಳಗೆ ಕುಳಿತು ಒಂದೇ ಸಲ ತಪಾಸಣೆ ಮಾಡುತ್ತಾರೆ. ಸಣ್ಣ ವ್ಯಾಪಾರಿಗಳಿಗೂ ಒಂದು ಸೌಕರ್ಯವುಂಟು. ಎರಡು ಸಾವಿರ ಡಾಲರಿನೊಳಗಿನ ಸ್ಥಳೀಯ ಮಾಲಾದರೆ ಗಡಿಯಲ್ಲಿಯೇ ಒಂದು ಸರಳ ಪ್ರಮಾಣಪತ್ರ ಪಡೆದು ಸುಂಕವಿಲ್ಲದೆ ದಾಟಬಹುದು. ಕಾಳು, ತರಕಾರಿ, ಮೊಟ್ಟೆ ಹೊತ್ತು ಮಾರುವ ಹೆಂಗಸರಿಗೆ ಇದು ಅನುಕೂಲ.

ಬೆಳೆಗಾರರಿಗೆ ಆಗುವ ಉಪಯೋಗವನ್ನೂ ನೋಡಿ. ಉಗಾಂಡಾದ ಬಹುಭಾಗದಲ್ಲಿ ವರ್ಷಕ್ಕೆ ಎರಡು ಮಳೆಗಾಲ, ಎರಡು ಬೆಳೆ. ಕೀನ್ಯಾದಲ್ಲಿ ಮಳೆ ಕೈಕೊಟ್ಟ ವರ್ಷ ಮುಸುಕಿನ ಜೋಳ ಸಾಲದು. ಬೇಲಿ ಇಲ್ಲದಿದ್ದರೆ ಹೆಚ್ಚಿರುವ ಕಡೆಯ ಕಾಳು ಕೊರತೆಯ ಕಡೆಗೆ ಹರಿಯುತ್ತದೆ. ಬೆಳೆದವನಿಗೆ ಬೆಲೆ, ಉಣ್ಣುವವನಿಗೆ ಅನ್ನ.

ಬೇಲಿ ತಗ್ಗಿದಲ್ಲಿ

ಎಲ್ಲವೂ ಸುಸೂತ್ರವೆಂದು ತಿಳಿಯಬೇಡಿ. ಅಕ್ಕಿಯನ್ನೇ ನೋಡಿ. ಕೀನ್ಯಾ ತನ್ನ ಚಹಾವನ್ನು ಪಾಕಿಸ್ತಾನಕ್ಕೆ ಬಹಳವಾಗಿ ಮಾರುತ್ತದೆ, ಅಲ್ಲಿಂದ ಅಕ್ಕಿ ಕೊಳ್ಳುತ್ತದೆ. ಆದುದರಿಂದ ಶೇಕಡ 75ರ ಬದಲು ಶೇಕಡ 35 ಮಾತ್ರ ಸುಂಕ ಹಾಕಲು ಒಕ್ಕೂಟದಿಂದ ವಿನಾಯಿತಿ ಪಡೆಯಿತು. ಅಲ್ಲಿ ಬೇಲಿ ತಗ್ಗಿದಂತಾಯಿತು. ಆ ಅಕ್ಕಿ ಉಗಾಂಡಾಕ್ಕೋ ಟಾಂಜಾನಿಯಾಕ್ಕೋ ದಾಟಿದರೆ ಪೂರ್ತಿ ಸುಂಕ ಕೊಡಬೇಕೆಂದು ನಿಯಮ ಮಾಡಬೇಕಾಯಿತು. ನಿಯಮ ಮಾಡಿದ ಮೇಲೆ ಪರೀಕ್ಷಿಸಲು ಜನ ಬೇಕು. ಹೀಗೆ ಕಿತ್ತ ಬೇಲಿಯ ಜಾಗದಲ್ಲಿ ಮತ್ತೆ ಕಾವಲು ನಿಂತಿತು. ಒಬ್ಬೊಬ್ಬರೂ ಒಂದೊಂದು ವಿನಾಯಿತಿ ಕೇಳುತ್ತ ಹೋದರೆ ಒಕ್ಕೂಟ ಹೆಸರಿಗೆ ಮಾತ್ರ ಉಳಿಯುತ್ತದೆ.

ರಾಜಕೀಯದ ಮನಸ್ತಾಪವೂ ಹೋಗಿಲ್ಲ. ರುವಾಂಡಾ ಮತ್ತು ಉಗಾಂಡಾದ ನಡುವಣ ಗಟೂನಾ ಗಡಿ 2019ರ ಫೆಬ್ರವರಿಯಿಂದ 2022ರ ಜನವರಿಯವರೆಗೆ ಮುಚ್ಚಿತ್ತು. ಸುಂಕ ಸೊನ್ನೆಯಿದ್ದರೂ ಬಾಗಿಲೇ ಮುಚ್ಚಿದ್ದರೆ ಫಲವೇನು?

ಜೋಳದ ಲಾರಿ ನಿಂತದ್ದು ಏಕೆ?

ನಮಗೆ ಅತ್ಯಂತ ಹತ್ತಿರವಾದ ಪಾಠ ಇದು. 2021ರ ಮಾರ್ಚಿ ತಿಂಗಳಲ್ಲಿ ಕೀನ್ಯಾ ಉಗಾಂಡಾ ಮತ್ತು ಟಾಂಜಾನಿಯಾದ ಮುಸುಕಿನ ಜೋಳವನ್ನು ಒಮ್ಮೆಲೇ ತಡೆಯಿತು. ಸುಂಕದ ಜಗಳವಲ್ಲ. ಕಾಳಿನಲ್ಲಿ ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಮಿತಿಮೀರಿದೆ ಎಂಬುದು ಕಾರಣ. ಈ ವಿಷ ಪಿತ್ತಜನಕಾಂಗವನ್ನು ಕೆಡಿಸುತ್ತದೆ, ಕ್ಯಾನ್ಸರಿಗೂ ದಾರಿಯಾಗುತ್ತದೆ. ಕೆಲವು ದಿನಗಳಲ್ಲಿಯೇ ತಡೆಯನ್ನು ತೆಗೆದರೂ ಷರತ್ತು ಹಾಕಿದರು. ವಿಷ ಹತ್ತು ಕೋಟಿ ಪಾಲಿಗೆ ಒಂದು ಪಾಲನ್ನು ಮೀರಿರಬಾರದು, ಅದಕ್ಕೆ ಪ್ರಮಾಣಪತ್ರವಿರಬೇಕು. ಎಂದರೆ ಸಾವಿರ ಕ್ವಿಂಟಾಲ್ ಜೋಳದಲ್ಲಿ ಒಂದೇ ಒಂದು ಗ್ರಾಂ.

ಲಾರಿ ತುಂಬಿಸಿ ನಿಂತಿದ್ದವನ ಗತಿ ಏನಾಗಿರಬೇಕು ಯೋಚಿಸಿ. ಸುಂಕದ ಬೇಲಿಯನ್ನು ಸರ್ಕಾರಗಳು ಕಿತ್ತುಹಾಕಬಹುದು. ಗುಣಮಟ್ಟದ ಬೇಲಿಯನ್ನು ದಾಟಿಸಬೇಕಾದವನು ಬೆಳೆಗಾರನೇ. ಪೂರ್ವ ಆಫ್ರಿಕದ ಗೊತ್ತುಪಾಡಿನಂತೆ ಜೋಳದ ತೇವಾಂಶ ಶೇಕಡ 13.5ನ್ನು ಮೀರಬಾರದು. ನೆಲದ ಮಣ್ಣಿನ ಮೇಲೆ ಹರಡಿ, ಅರೆಬರೆ ಒಣಗಿಸಿ, ಚೀಲ ಕಟ್ಟಿದರೆ ಇದು ಸಾಧ್ಯವಿಲ್ಲ.

ನಾವು ಗಮನಿಸಬೇಕಾದದ್ದು

ದೇಶಗಳ ಮಾತು ದೊಡ್ಡದಾದರೂ ಅದರಲ್ಲಿರುವ ನ್ಯಾಯ ನಮ್ಮ ಸಹಕಾರ ಸಂಘಕ್ಕೂ ಹಾಲಿನ ಡೇರಿಗೂ ಒಂದೇ. ಕೂಡಿ ಮಾರಿದರೆ ಬಲ ಹೆಚ್ಚು. ಆದರೆ ಸಣ್ಣ ಹಿಡುವಳಿದಾರನಿಗೆ ತನ್ನ ಪಾಲು ಬಂತೆಂಬ ನಂಬಿಕೆ ಇರಬೇಕು, ನಿಯಮ ಎಲ್ಲರಿಗೂ ಒಂದೇ ಆಗಿರಬೇಕು, ಲೆಕ್ಕ ಬಿಚ್ಚಿಟ್ಟಿರಬೇಕು. 1977ರಲ್ಲಿ ಮೂರು ದೇಶಗಳು ಬೇರೆಯಾದದ್ದಕ್ಕೆ ಇವುಗಳ ಕೊರತೆಯೂ ಒಂದು ಕಾರಣ.

ಇನ್ನು ಮೇಲೆ "ಆ ದೇಶದೊಡನೆ ಸುಂಕದ ಒಪ್ಪಂದವಾಯಿತು" ಎಂದು ಕೇಳಿದಾಗ ಮೂರು ಪ್ರಶ್ನೆ ಹಾಕಿ: ಯಾವ ಬೇಲಿ ಕಿತ್ತರು? ಹೊರ ಬೇಲಿ ಎಷ್ಟು ಎತ್ತರ? ಯಾರಿಗೆ ಸಾವರಿಸಿಕೊಳ್ಳಲು ಕಾಲ ಕೊಟ್ಟರು? ಸುದ್ದಿಯ ಒಳಗುಟ್ಟು ತಾನಾಗಿ ತಿಳಿಯುತ್ತದೆ.

ಈ ಸಲದ ಮುಸುಕಿನ ಜೋಳದ ಕಟಾವು ಮುಗಿದ ಮೇಲೆ ತೆನೆಯನ್ನು ಬರಿ ನೆಲದ ಮೇಲೆ ರಾಶಿ ಹಾಕದೆ, ಸಿಮೆಂಟಿನ ಕಣದಲ್ಲಾಗಲಿ ಟಾರ್ಪಾಲಿನ ಮೇಲಾಗಲಿ ಚೆನ್ನಾಗಿ ಒಣಗಿಸಿ. ಬೂಷ್ಟು ಹಿಡಿದ ತೆನೆಗಳನ್ನು ಆರಿಸಿ ಬೇರೆ ಮಾಡಿ, ದನಕರುಗಳಿಗೂ ಹಾಕಬೇಡಿ. ಚೀಲಗಳನ್ನು ಗೋಡೆಗೆ ತಾಗಿಸದೆ ಹಲಗೆಯ ಮೇಲೆ ಜೋಡಿಸಿ. ಮಾಲು ಹತ್ತಿರದ ಸಂತೆಗೆ ಹೋಗಲಿ, ಹಡಗು ಹತ್ತಲಿ, ಮೊದಲ ತಪಾಸಣೆ ನಿಮ್ಮ ಕಣದಲ್ಲಿಯೇ ಆಗಬೇಕು.

ನಿಮ್ಮ ಗ್ರಾಮಸೇವಕ