ಚಿಲ್ಲರೆ ಖರೀದಿಯ ಚೀಟಿಗಳು

ರಾಮನಗರ ತಾಲ್ಲೂಕಿನ ಕೈಲಾಂಚದಂಥ ಊರಿನಲ್ಲಿ ಬೀದಿದೀಪ ಆರಿಹೋದರೆ, ಒಂದು ಬಲ್ಬಿಗಾಗಿ ಟೆಂಡರು ಕರೆದು ಕಾಯುತ್ತ ಕುಳಿತಿರುವುದು ಸಾಧ್ಯವೇ? ಆದುದರಿಂದಲೇ ಸಣ್ಣ ಖರೀದಿಗೆ ಸರಕಾರಗಳು ಕಟ್ಟು ಸಡಿಲಿಸಿವೆ. ಕರ್ನಾಟಕದ 1999ರ ಪಾರದರ್ಶಕತೆ ಕಾಯಿದೆ ಅಲ್ಪ ಮೊತ್ತದ ಖರೀದಿಯನ್ನು ಟೆಂಡರಿನ ಕಟ್ಟಳೆಯಿಂದ ಹೊರಗಿಟ್ಟಿತು. ಕೇಂದ್ರದ 2017ರ ಹಣಕಾಸು ನಿಯಮಗಳು ಹೊರಟಾಗ, 25,000 ರೂಪಾಯಿಯೊಳಗಿನ ಸರಕಿಗೆ ದರಪಟ್ಟಿಯೂ ಬೇಡ, ಅಧಿಕಾರಿಯ ದೃಢೀಕರಣವೇ ಸಾಕೆಂದವು. ಅಮೆರಿಕದಲ್ಲಿ ಈ ಸಡಿಲಿಕೆಗೆ ಕಾರ್ಡಿನ ರೂಪ ಬಂದಿದೆ. ಇಲಾಖೆಯ ನೌಕರನೇ ಕಾರ್ಡು ಕೊಟ್ಟು ಸಾಮಾನು ತರುತ್ತಾನೆ. ದುರುಪಯೋಗವನ್ನು ತಡೆಯಲು ಅಲ್ಲಿ 2012ರಲ್ಲಿ ಪ್ರತ್ಯೇಕ ಕಾಯಿದೆಯನ್ನೇ ಮಾಡಬೇಕಾಯಿತು.

ಮಿತಿಯಿದ್ದಲ್ಲಿ ಅದರ ಕೆಳಗೆ ನುಸುಳುವ ಜಾಣ್ಮೆಯೂ ಉಂಟು. 60,000 ರೂಪಾಯಿಯ ಸರಕು 20,000ದ ಮೂರು ಬಿಲ್ಲುಗಳಾಗುತ್ತದೆ. ಅಂಗಡಿ ಒಂದೇ, ತಾರೀಖು ಮಾತ್ರ ಒಂದೆರಡು ದಿನ ಹಿಂದುಮುಂದು. ಹೀಗೆ ಒಡೆಯಕೂಡದೆಂದು ನಿಯಮವೇನೋ ಹೇಳುತ್ತದೆ. ಆದರೆ ಬಿಲ್ಲುಗಳನ್ನು ಬಿಡಿಬಿಡಿಯಾಗಿ ನೋಡುವ ಲೆಕ್ಕಿಗನ ಕಣ್ಣಿಗೆ ಮೂರೂ ಶುದ್ಧ! ಪಕ್ಕಪಕ್ಕದಲ್ಲಿಟ್ಟು ನೋಡಿದಾಗಲೇ ಗುಟ್ಟು ತಿಳಿಯುವುದು. ಬೇಡಿಕೆ ಬರೆದವರು, ಕೊಂಡವರು, ಸರಕು ಬಂತೆಂದು ರುಜು ಹಾಕಿದವರು ಒಬ್ಬರೇ ಆದಲ್ಲಿ ಅಪಾಯ ಇಮ್ಮಡಿಸುತ್ತದೆ. ಸಿಬ್ಬಂದಿ ಕಡಿಮೆಯಿರುವ ಕಚೇರಿಯಲ್ಲಿ ಇದು ದುರುದ್ದೇಶವಿಲ್ಲದೆಯೂ ಆಗಿಬಿಡುವಂಥದು.

ಹಳ್ಳಿಗೆ ಮಾತ್ರ ಪಟ್ಟಣಕ್ಕಿಲ್ಲದ ಒಂದು ಅನುಕೂಲವಿದೆ. ಗ್ರಾಮ ಪಂಚಾಯಿತಿಯ ವಾರ್ಷಿಕ ಜಮಾಬಂದಿಯಲ್ಲಿ ಲೆಕ್ಕಪತ್ರ ಜನರೆದುರಿಗೆ ಬರಬೇಕು. ಕಾಗದದಲ್ಲಿ ಹತ್ತು ಬಲ್ಬು ಬದಲಾಗಿದ್ದರೆ, ಆ ಬೀದಿಯ ಕತ್ತಲೆಯಲ್ಲಿ ಎಡವುತ್ತ ನಡೆದವರು ಸಭೆಯಲ್ಲೇ ಕುಳಿತಿರುತ್ತಾರೆ.