ಕುವೈತಿನಿಂದ ಬಂದ ಕಾಗದ ಮತ್ತು ಒಂದು ಎಂ.ಎ. ಪ್ರಬಂಧ

ಕೆಲವು ತಿಂಗಳ ಹಿಂದೆ ಮಗ್ರಿಬ್ ನಮಾಝ್ ಮುಗಿಸಿ ಮನೆಗೆ ಬಂದಾಗ ನಮ್ಮ ಜಮಾಅತಿನ ಒಬ್ಬರು ಮಗಳ ಜೊತೆ ಜಗಲಿಯಲ್ಲಿ ಕೂತಿದ್ದರು. ಹುಡುಗಿ ನನ್ನ ಹತ್ತಿರವೇ ಮದ್ರಸ ಕಲಿತವಳು, ಈಗ ರಾಜ್ಯಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದಾಳೆ. ಚಾ ಬರುವ ಮೊದಲೇ ತಂದೆ ಮಾತು ಶುರು ಮಾಡಿದರು.

"ಉಸ್ತಾದ್, ಇವಳಿಗೆ ಸ್ವಲ್ಪ ಬುದ್ಧಿ ಹೇಳಿ. ಪ್ರಬಂಧ ಬರೆಯಬೇಕಂತೆ. ಯುದ್ಧ, ಭದ್ರತೆ, ಸರಕಾರದ ಅಧಿಕಾರ ಅಂತ ಎಂತೆಂತದೋ ಹಿಡ್ಕೊಂಡಿದ್ದಾಳೆ. ನಮಗೆ ಯಾಕೆ ಈ ಉಸಾಬರಿ? ನಾಳೆ ಯಾರಾದರೂ ಇವಳ ಮೊಬೈಲು ನೋಡಿ, ಇರಾಕ್, ಬಾಂಬು ಅಂತ ಹುಡುಕಿದ್ದಾಳೆ ಅಂದ್ರೆ ನಾವು ಯಾರಿಗೆ ಉತ್ತರ ಹೇಳುವುದು?"

ಸತ್ಯ ಹೇಳಬೇಕೆಂದರೆ ಆ ಗಳಿಗೆಯಲ್ಲಿ ನಾನೂ ತಂದೆಯ ಕಡೆಯೇ ಇದ್ದೆ. ಅವರ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ, ನಮ್ಮ ಮನೆಗಳಲ್ಲಿ ಅದು ಎಲ್ಲರಿಗೂ ಗೊತ್ತಿರುವಂಥದ್ದು. "ಮಗಳೇ, ಬಿ.ಎಡ್. ಮಾಡಿಕೊಂಡರೆ ಟೀಚರ್ ಆಗಬಹುದಲ್ಲ" ಅಂದೆ. ಅವಳು ತಲೆ ತಗ್ಗಿಸಿ, ಆದರೆ ಗಟ್ಟಿಯಾಗಿಯೇ ಹೇಳಿದಳು: "ಉಸ್ತಾದ್, ನಾನು ಬರೆಯುವುದು ಬಾಂಬಿನ ಬಗ್ಗೆ ಅಲ್ಲ. ನಮ್ಮ ಅಜ್ಜನ ಬಗ್ಗೆ."

ಅವಳ ಉಮ್ಮನ ತಂದೆ 1990ರಲ್ಲಿ ಕುವೈತಿನ ಸಾಲ್ಮಿಯದಲ್ಲಿ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದವರು. ಆ ವರ್ಷ ಆಗಸ್ಟ್ 2ರಂದು ಸದ್ದಾಮ್ ಹುಸೇನರ ಇರಾಕಿ ಸೇನೆ ಕುವೈತಿಗೆ ನುಗ್ಗಿತು. ಆಗ ಅಲ್ಲಿ ಸುಮಾರು 1.7 ಲಕ್ಷ ಭಾರತೀಯರಿದ್ದರು. ಒಂದು ದೇಶವೇ ಬೀಳುವಾಗ ಅಲ್ಲಿನ ಪರದೇಶಿ ಕೂಲಿಯನ್ನು ಕಾಪಾಡುವವರು ಯಾರು? ಅವನ ಜೀವಕ್ಕೆ, ಕಳೆದುಹೋದ ಸಂಬಳಕ್ಕೆ ಹೊಣೆ ಯಾರು? ಅವಳ ಪ್ರಬಂಧದ ಪ್ರಶ್ನೆ ಇಷ್ಟೇ.

ನಾನಾಗ ಸಣ್ಣ ಹುಡುಗ. ಕುವೈತಿನಲ್ಲಿ ಗಂಡಸರಿದ್ದ ಮನೆಗಳಲ್ಲಿ ಹೆಂಗಸರು ಸೇರಿ ಯಾಸೀನ್ ಓದುತ್ತಿದ್ದದ್ದು, ರೇಡಿಯೊ ವಾರ್ತೆಯ ಹೊತ್ತಿಗೆ ಇಡೀ ಓಣಿ ಒಂದು ಮನೆಯ ಮುಂದೆ ನಿಲ್ಲುತ್ತಿದ್ದದ್ದು ನೆನಪುಂಟು. ಅದನ್ನು ಅಂತಾರಾಷ್ಟ್ರೀಯ ರಾಜಕೀಯ ಅನ್ನುತ್ತಾರೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಮರುದಿನ ಅಸರ್ ಕಳೆದು ಆ ಅಜ್ಜನ ಮನೆಗೆ ನಾನೂ ಹೋದೆ.

ಹತ್ತು ದಿನವೋ, ಐವತ್ತು ದಿನವೋ?

ಅಜ್ಜ ಹೇಳಿದ ಕತೆ ಇದು: ಪಾಸ್‌ಪೋರ್ಟ್ ಕಫೀಲನ ಹತ್ತಿರ ಇತ್ತು, ಕಫೀಲ ಸೌದಿಗೆ ಓಡಿ ಹೋಗಿದ್ದ. ಭಾರತದ ಕಚೇರಿಯವರು ಕೊಟ್ಟ ಒಂದು ಕಾಗದವೇ ಪಾಸ್‌ಪೋರ್ಟ್ ಆಯಿತು. ಬಸ್ರಾ, ಬಗ್ದಾದ್ ದಾಟಿ ಬಸ್ಸಿನಲ್ಲಿ ಜೋರ್ಡಾನ್ ಗಡಿ. ಅಲ್ಲಿ ಮರುಭೂಮಿಯಲ್ಲಿ ಟೆಂಟು, ಒಂದು ಖುಬ್ಸಿಗೆ ಗಂಟೆಗಟ್ಟಲೆ ಸಾಲು. ಕೊನೆಗೆ ಅಮ್ಮಾನಿನಿಂದ ಬೊಂಬಾಯಿಗೆ ವಿಮಾನ. "ಎಲ್ಲ ಹತ್ತು ದಿನದಲ್ಲಿ ಮುಗಿಯಿತು. ಬಂದದ್ದು ಮಿಲಿಟರಿ ವಿಮಾನದಲ್ಲಿ" ಎಂದರು ಅಜ್ಜ.

ಮೊಮ್ಮಗಳು ಹಳೆ ಸೂಟ್‌ಕೇಸಿನಿಂದ ಅದೇ ಕಾಗದ ತೆಗೆದಳು. ಬೊಂಬಾಯಿಯ ಮೊಹರಿನಲ್ಲಿದ್ದ ತಾರೀಕು 23 ಸೆಪ್ಟೆಂಬರ್. ಅಂದರೆ ಐವತ್ತೆರಡು ದಿನ! ಅಜ್ಜ ಕನ್ನಡಕ ಹಾಕಿ ಎರಡು ಸಲ ನೋಡಿದರು. "ಹಾಗಾದರೆ ಟೆಂಟಿನಲ್ಲಿ ಅಷ್ಟು ದಿನ ಇದ್ದೆನಾ?" ಎಂದು ತಮ್ಮನ್ನೇ ಕೇಳಿಕೊಂಡರು.

ನನಗೆ ಅಲ್ಲಿಯೇ ದರ್ಸಿನ ಪಾಠ ನೆನಪಾಯಿತು. ಹದೀಸ್ ವರದಿ ಮಾಡುವವನನ್ನು ನಮ್ಮ ಉಲಮಾಗಳು ಎರಡು ಪರೀಕ್ಷೆಗೆ ಒಡ್ಡುತ್ತಿದ್ದರು. ಒಂದು, ಅವನು ಪ್ರಾಮಾಣಿಕನೇ? ಇನ್ನೊಂದು, ಅವನ ನೆನಪು ಗಟ್ಟಿಯೇ? ಪ್ರಾಮಾಣಿಕನಿಗೂ ನೆನಪು ತಪ್ಪಬಹುದು. ಹಾಗಂತ ಅವನು ಸುಳ್ಳುಗಾರನಲ್ಲ. ಈ ಹುಡುಗಿ ಮಾಡುತ್ತಿದ್ದದ್ದೂ ಅದನ್ನೇ. ಅಜ್ಜನ ಮಾತು ಬರೆದುಕೊಂಡಳು, ಪಕ್ಕದಲ್ಲಿ ಮೊಹರಿನ ತಾರೀಕು ಬರೆದಳು, ಎರಡನ್ನೂ ಹಾಗೆಯೇ ಇಟ್ಟಳು.

ವಿಮಾನದ ಮಾತನ್ನೂ ಅವಳು ತಾಳೆ ನೋಡಿದ್ದಾಳೆ. ಮೊದಲು ಕೆಲವು ಮಿಲಿಟರಿ ವಿಮಾನಗಳು ಬಂದದ್ದು ನಿಜ. ಆದರೆ ಹೆಚ್ಚಿನವರನ್ನು ಕರೆತಂದದ್ದು ಏರ್ ಇಂಡಿಯಾ. ಆಗಸ್ಟ್ ಮಧ್ಯದಿಂದ ಅಕ್ಟೋಬರ್ ತನಕ ಐನೂರರ ಹತ್ತಿರ ಹಾರಾಟ ನಡೆಯಿತು. 2016ರಲ್ಲಿ ಬಂದ 'ಏರ್‌ಲಿಫ್ಟ್' ಸಿನಿಮಾ ನೋಡಿದವರು ಒಬ್ಬ ವ್ಯಾಪಾರಿಯೇ ಎಲ್ಲರನ್ನೂ ಬಿಡಿಸಿದ ಎಂದು ತಿಳಿದಿರಬಹುದು. ಕುವೈತಿನಲ್ಲಿದ್ದ ಮಾತುಣ್ಣಿ ಮ್ಯಾಥ್ಯೂಸ್‌ರಂತಹ ಉದ್ಯಮಿಗಳು ದುಡಿದದ್ದು ನಿಜ. ಆದರೆ ಸರಕಾರದ ಪಾಲನ್ನು ಸಿನಿಮಾ ಮರೆಸಿತು ಎಂದು ನಿವೃತ್ತ ರಾಯಭಾರಿಗಳು ಆಗಲೇ ಆಕ್ಷೇಪಿಸಿದ್ದರು. ಸಿನಿಮಾದ ಕತೆಯೇ ಚರಿತ್ರೆ ಎಂದು ನಂಬದೆ ಇರಲು ಸಂಶೋಧನೆ ಬೇಕು.

ಸರಕಾರ ಎತ್ತಿದ ಕೈಯ ಬೆಲೆ

ಭಾರತ ಸರಕಾರ ಅಂದು ಮಾಡಿದ್ದು ಸುಲಭದ ಕೆಲಸ ಆಗಿರಲಿಲ್ಲ. ಪ್ರಧಾನಿ ವಿ.ಪಿ. ಸಿಂಗ್, ವಿದೇಶಾಂಗ ಮಂತ್ರಿ ಐ.ಕೆ. ಗುಜ್ರಾಲ್. ಗುಜ್ರಾಲರು ಆಗಸ್ಟಿನಲ್ಲಿ ಬಗ್ದಾದಿಗೆ ಹೋಗಿ ಸದ್ದಾಮರನ್ನು ಕಂಡರು. ಅವರಿಬ್ಬರು ಅಪ್ಪಿಕೊಂಡ ಫೋಟೊ ಜಗತ್ತೆಲ್ಲ ಹರಡಿ ಟೀಕೆಯೂ ಬಂತು. ದಾಳಿ ಮಾಡಿದವನನ್ನು ಅಪ್ಪಿಕೊಳ್ಳುವುದಾ? ಆದರೆ ಅವನ ಕೈಯಲ್ಲಿ ಒಂದೂ ಮುಕ್ಕಾಲು ಲಕ್ಷದಷ್ಟು ಜನ ಸಿಕ್ಕಿಬಿದ್ದಿದ್ದರು. ಇದಕ್ಕೆ ಒಂದೇ ಸಾಲಿನ ಉತ್ತರ ಇಲ್ಲ. ಎರಡೂ ಕಡೆಯ ವಾದವನ್ನು ತೂಗಿ ನೋಡುವುದೇ ವಿದ್ಯಾರ್ಥಿಯ ಕೆಲಸ.

ಆಗಸ್ಟ್ 6ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ತನ್ನ 661ನೇ ನಿರ್ಣಯದಲ್ಲಿ ಇರಾಕಿನ ಮೇಲೆ ನಿರ್ಬಂಧ ಹೇರಿತು. ಅದರ ಬಿಸಿ ಕುವೈತಿನಲ್ಲಿ ಉಳಿದ ನಮ್ಮವರಿಗೂ ತಟ್ಟಿತು. ಅವರಿಗೆ ಹಡಗಿನಲ್ಲಿ ಆಹಾರ ಕಳಿಸಲು ಕೂಡ ಭಾರತ ವಿಶ್ವಸಂಸ್ಥೆಯ ಒಪ್ಪಿಗೆ ಕೇಳಬೇಕಾಯಿತು. ಬಾವುಟ ಯಾವುದೇ ಇರಲಿ, ದೊಡ್ಡವರ ಜಗಳದಲ್ಲಿ ಮೊದಲು ಖಾಲಿಯಾಗುವುದು ಬಡವನ ಬಟ್ಟಲು.

ಬೇರೆ ದೇಶದವರ ಗತಿ ಇನ್ನೂ ಕಷ್ಟ. ಯಮನ್ ಆಗ ಭದ್ರತಾ ಮಂಡಳಿಯಲ್ಲಿ ಸದಸ್ಯ. ಇರಾಕಿನ ವಿರುದ್ಧ ನಿಲ್ಲಲು ಅದು ಮನಸ್ಸು ಮಾಡಲಿಲ್ಲ. ಸೆಪ್ಟೆಂಬರಿನಲ್ಲಿ ಸೌದಿ ಸರಕಾರ ಯಮನಿಗಳಿಗಿದ್ದ ವಿಶೇಷ ರಿಯಾಯಿತಿ ತೆಗೆಯಿತು. ಸುಮಾರು 8 ಲಕ್ಷ ಯಮನಿ ಕೆಲಸಗಾರರು ಗಂಟುಮೂಟೆ ಕಟ್ಟಬೇಕಾಯಿತು. ನವೆಂಬರ್ 29ರಂದು ಯುದ್ಧಕ್ಕೆ ದಾರಿ ಮಾಡಿದ 678ನೇ ನಿರ್ಣಯಕ್ಕೆ ಯಮನ್ ಮತ್ತು ಕ್ಯೂಬಾ ಮಾತ್ರ ವಿರೋಧವಾಗಿ ಕೈ ಎತ್ತಿದವು. ಅದರ ಬೆನ್ನಿಗೇ ಅಮೆರಿಕ ಯಮನಿನ ನೆರವು ನಿಲ್ಲಿಸಿತು. ಯುದ್ಧಕ್ಕೆ ಮೊದಲು ಕುವೈತಿನಲ್ಲಿ ಸುಮಾರು 4 ಲಕ್ಷ ಫೆಲೆಸ್ತೀನಿಯರಿದ್ದರು. ಅವರ ನಾಯಕರು ಸದ್ದಾಮರ ಕಡೆ ವಾಲಿದರು ಎಂಬ ಸಿಟ್ಟಿಗೆ, ಯುದ್ಧ ಮುಗಿದ ಮೇಲೆ ಹೆಚ್ಚಿನವರಿಗೆ ಅಲ್ಲಿ ಜಾಗ ಉಳಿಯಲಿಲ್ಲ. ಅಂಗಡಿಯಲ್ಲಿ ಬಟ್ಟೆ ಅಳೆಯುತ್ತಿದ್ದವನು ಯಾವ ನಿರ್ಣಯಕ್ಕೂ ಕೈ ಎತ್ತಿದವನಲ್ಲ, ಆದರೂ ಬೆಲೆ ಕೊಟ್ಟದ್ದು ಅವನೇ.

ನಮ್ಮ ದೇಶಕ್ಕೂ ಪೆಟ್ಟು ಬಿತ್ತು. ಎಣ್ಣೆಯ ಬೆಲೆ ಏರಿತು, ಕುವೈತಿನಿಂದ ಬರುತ್ತಿದ್ದ ಹಣ ನಿಂತಿತು. ಮೊದಲೇ ಬರಿದಾಗುತ್ತಿದ್ದ ವಿದೇಶಿ ವಿನಿಮಯದ ತಿಜೋರಿಗೆ ಇದೂ ಸೇರಿ, 1991ರಲ್ಲಿ ಸುಮಾರು 47 ಟನ್ ಚಿನ್ನವನ್ನು ಇಂಗ್ಲೆಂಡ್, ಜಪಾನ್ ಬ್ಯಾಂಕುಗಳಲ್ಲಿ ಅಡವಿಡಬೇಕಾಯಿತು. ಮನೆಯ ಬಳೆ ಅಡವಿಟ್ಟ ಹಾಗೆಯೇ.

ಆ ಹಣ ಯಾರದ್ದು?

ಅಜ್ಜನ ಸೂಟ್‌ಕೇಸಿನಲ್ಲಿ ಇನ್ನೊಂದು ಕಾಗದ ಇತ್ತು. ಪರಿಹಾರದ ಹಣ ಬಂದ ಬ್ಯಾಂಕಿನ ರಶೀದಿ.

ಯುದ್ಧದ ನಂತರ 1991ರಲ್ಲಿ ಭದ್ರತಾ ಮಂಡಳಿ ಜಿನೀವಾದಲ್ಲಿ ಒಂದು ಪರಿಹಾರ ಆಯೋಗ ಸ್ಥಾಪಿಸಿತು. ದಾಳಿಯಿಂದಾದ ನಷ್ಟವನ್ನು ಇರಾಕ್ ತುಂಬಿಕೊಡಬೇಕು. ಕುವೈತ್ ಅಥವಾ ಇರಾಕ್ ಬಿಟ್ಟು ಓಡಿ ಬಂದವರಿಗೆ ನಿಗದಿ ಮೊತ್ತ. ಬೇರೆ ನಷ್ಟಗಳಿಗೆ ಅರ್ಜಿ ಹಾಕದೆ ಇದಕ್ಕಷ್ಟೇ ಒಪ್ಪಿದರೆ ಒಬ್ಬನಿಗೆ 4,000 ಡಾಲರ್, ಕುಟುಂಬಕ್ಕೆ 8,000 ಡಾಲರ್. ದೊಡ್ಡ ಸಾಕ್ಷಿ ಬೇಡ, ಹೊರಟು ಬಂದ ತಾರೀಕಿಗೆ ಒಂದು ಪುರಾವೆ ಸಾಕು. ಅಜ್ಜನ ಆ ಮೊಹರಿನ ಕಾಗದವೇ ಪುರಾವೆ ಆಯಿತು! ಕಂತಿನಲ್ಲಿ ಬಂದ ಹಣದಿಂದ ಅವರು ಬಾವಿ ತೋಡಿಸಿದರು, ತಂಗಿಯ ನಿಕಾಹ್ ಮಾಡಿಸಿದರು.

ಇಲ್ಲಿ ಗಮನಿಸಬೇಕಾದ ಒಂದು ಮಾತುಂಟು. ಜಿನೀವಾಕ್ಕೆ ಜನರು ನೇರ ಅರ್ಜಿ ಹಾಕುವಂತಿರಲಿಲ್ಲ. ಅವರ ಸರಕಾರವೇ ಹಾಕಬೇಕು. ಭಾರತ ಸರಕಾರ ನಮ್ಮವರ ಪರವಾಗಿ ಹಾಕಿತು. ತಮ್ಮದೆಂಬ ಸರಕಾರ ಇಲ್ಲದ ಫೆಲೆಸ್ತೀನಿಯರ ಅರ್ಜಿಗಳು ವಿಶ್ವಸಂಸ್ಥೆಯ ಬೇರೆ ಸಂಸ್ಥೆಗಳ ಮೂಲಕ ಹೋಗಬೇಕಾಯಿತು. ಬೆನ್ನಿಗೆ ಒಂದು ದೇಶ ಇರುವುದೆಂದರೆ ಏನು ಎಂದು ನನಗೆ ಇಷ್ಟು ಸ್ಪಷ್ಟವಾಗಿ ಯಾವ ಪುಸ್ತಕವೂ ಹೇಳಿರಲಿಲ್ಲ.

"ಅದು ಸದ್ದಾಮನ ಹಣ ಅಂತ ನಾನು ತಿಳ್ಕೊಂಡಿದ್ದೆ" ಅಂದರು ಅಜ್ಜ. ಮೊಮ್ಮಗಳು ಸಣ್ಣ ಸ್ವರದಲ್ಲಿ ಹೇಳಿದಳು: "ಸದ್ದಾಮನದ್ದಲ್ಲ ಅಜ್ಜ. ಇರಾಕಿನ ಎಣ್ಣೆಯದ್ದು."

ನಿರ್ಬಂಧದ ನಡುವೆ 1996ರ ಕೊನೆಗೆ ಇರಾಕಿಗೆ ಆಹಾರ, ಔಷಧಿಗಾಗಿ ಎಣ್ಣೆ ಮಾರಲು ಬಿಟ್ಟಾಗ, ಆ ಹಣದಲ್ಲಿ ನೂರಕ್ಕೆ 30 ಪಾಲು ಪರಿಹಾರ ನಿಧಿಗೆ ಹೋಗುತ್ತಿತ್ತು. 2000ದ ಕೊನೆಗೆ ಅದು 25 ಆಯಿತು, 2003ರಲ್ಲಿ 5ಕ್ಕೆ ಇಳಿಯಿತು. ಅದೇ ವರ್ಷಗಳಲ್ಲಿ ಇರಾಕಿನ ಆಸ್ಪತ್ರೆಗಳಲ್ಲಿ ಔಷಧಿ ಇರಲಿಲ್ಲ. ಅಲ್ಲಿ ವಿಶ್ವಸಂಸ್ಥೆಯ ನೆರವಿನ ಕೆಲಸ ನೋಡುತ್ತಿದ್ದ ಡೆನಿಸ್ ಹ್ಯಾಲಿಡೇ 1998ರಲ್ಲಿ, ಅವರ ಜಾಗಕ್ಕೆ ಬಂದ ಹಾನ್ಸ್ ವಾನ್ ಸ್ಪಾನೆಕ್ 2000ದಲ್ಲಿ, ನಿರ್ಬಂಧಗಳು ಜನರನ್ನು ಹಿಂಡುತ್ತಿವೆ ಎಂದು ಪ್ರತಿಭಟಿಸಿ ರಾಜೀನಾಮೆ ಕೊಟ್ಟರು. ಆಯೋಗ ಒಟ್ಟು ಕೊಡಿಸಿದ್ದು ಸುಮಾರು 52.4 ಶತಕೋಟಿ ಡಾಲರ್. ಇರಾಕ್ ಕೊನೆಯ ಕಂತು ತೀರಿಸಿದ್ದು 2022ರ ಜನವರಿಯಲ್ಲಿ. ದಾಳಿಯ ವರ್ಷ ಹುಟ್ಟಿದ ಇರಾಕಿ ಮಗುವಿಗೆ ಆಗ ಮೂವತ್ತು ದಾಟಿತ್ತು.

ಅಜ್ಜ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ನನ್ನನ್ನು ಕೇಳಿದರು, "ಉಸ್ತಾದ್, ಅದು ನನಗೆ ಹಲಾಲ್ ತಾನೇ?" ಅವರು ಕಳೆದುಕೊಂಡ ದುಡಿಮೆಗೆ, ಉಟ್ಟ ಬಟ್ಟೆಯಲ್ಲಿ ಬಂದದ್ದಕ್ಕೆ ಸಿಕ್ಕ ಪರಿಹಾರ ಅದು, ಅವರ ಹಕ್ಕು. ಹಾಗೆಂದೇ ಹೇಳಿದೆ. ಆದರೆ ದಾಳಿಗೆ ಆಜ್ಞೆ ಕೊಟ್ಟವನು ಒಬ್ಬ, ಸಾಲ ತೀರಿಸಿದವರು ಇನ್ನೊಬ್ಬರು ಎಂಬ ಮಾತು ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ. ಹುಡುಗಿಯ ಪ್ರಬಂಧದ ಕೊನೆಯ ಅಧ್ಯಾಯ ಇದೇ.

ಹೆದರಿಕೆಗೆ ಉತ್ತರ

ಇನ್ನು ತಂದೆಯ ಹೆದರಿಕೆ. ಅದನ್ನು ನಗೆಯಾಡಿ ತಳ್ಳಿಹಾಕಲು ಆಗುವುದಿಲ್ಲ. ಅದಕ್ಕೆ ಉತ್ತರ ಸರಿಯಾದ ದಾರಿಯಲ್ಲಿ ನಡೆಯುವುದು. ವಿಷಯವನ್ನು ವಿಭಾಗದಲ್ಲಿ ಲಿಖಿತವಾಗಿ ನೋಂದಾಯಿಸಬೇಕು, ಮಾರ್ಗದರ್ಶಕರ ಸಹಿ ಇರಬೇಕು, ಓದಿದ್ದು ಎಲ್ಲಿಂದ ಎಂಬ ಟಿಪ್ಪಣಿ ಇಟ್ಟುಕೊಳ್ಳಬೇಕು. ಭದ್ರತಾ ಮಂಡಳಿಯ ನಿರ್ಣಯಗಳು, ಸಭೆಯ ನಡಾವಳಿಗಳು ಎಲ್ಲರಿಗೂ ತೆರೆದಿವೆ. ಸಂಸತ್ತಿನ ಪ್ರಶ್ನೋತ್ತರಗಳೂ ಹಾಗೆಯೇ. ಹಳೆಯ ಸರಕಾರಿ ಕಡತಗಳು ದಿಲ್ಲಿಯ ರಾಷ್ಟ್ರೀಯ ಪತ್ರಾಗಾರ ಸೇರುತ್ತವೆ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಕೇಂದ್ರ ಸರಕಾರವನ್ನು ಕೇಳಬಹುದು. ದೇಶದ ಭದ್ರತೆ, ವಿದೇಶ ಸಂಬಂಧಕ್ಕೆ ಧಕ್ಕೆ ಬರುವುದನ್ನು ಅವರು ಕೊಡದೆ ಇರಬಹುದು. ಕೊಡುವುದಿಲ್ಲ ಎಂದು ಬರೆದು ಕೊಟ್ಟರೆ ಅದನ್ನೂ ಪ್ರಬಂಧದಲ್ಲಿ ದಾಖಲಿಸಬಹುದು. ವಾಟ್ಸ್‌ಆ್ಯಪಿನಲ್ಲಿ ಬಂದ ಗುಟ್ಟಿನ ಕಾಗದ, ಹೆಸರಿಲ್ಲದ ವೀಡಿಯೊ ಮಾತ್ರ ಮುಟ್ಟಬಾರದು. ಅದು ಸಂಶೋಧನೆಯೂ ಅಲ್ಲ, ಕ್ಷೇಮವೂ ಅಲ್ಲ.

ಕಲಿಯುವ ದಾರಿಯೂ ಉಂಟು. ಪಿಯುಸಿಯಲ್ಲಿ ಕಲಾ ವಿಭಾಗ ತೆಗೆದುಕೊಂಡರೆ ಮಕ್ಕಳು ಹಿಂದೆ ಬಿದ್ದರು ಅಂತ ನಾವು ತಿಳಿಯುತ್ತೇವೆ. ಅದು ತಪ್ಪು. 1955ರಲ್ಲಿ ದಿಲ್ಲಿಯಲ್ಲಿ ಈ ವಿಷಯಕ್ಕೆಂದೇ ಒಂದು ಶಾಲೆ ಹುಟ್ಟಿತು, 1970ರಲ್ಲಿ ಅದು ಜೆಎನ್‌ಯು ಸೇರಿತು. ನಮ್ಮ ಮಕ್ಕಳೂ ಅಂಥಲ್ಲಿಗೆ ಹೋಗಬಹುದು. ಅಲ್ಪಸಂಖ್ಯಾತ ಸಂಶೋಧಕರಿಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ ನಿಲ್ಲಿಸುವುದಾಗಿ 2022ರ ಡಿಸೆಂಬರಿನಲ್ಲಿ ಸರಕಾರ ಸಂಸತ್ತಿನಲ್ಲಿ ಹೇಳಿತು. ಹಾಗಾಗಿ ಯುಜಿಸಿಯ ನೆಟ್ ಪರೀಕ್ಷೆ ಬರೆದು ಜೆಆರ್‌ಎಫ್ ಗಳಿಸುವುದು ಈಗ ಇನ್ನೂ ಮುಖ್ಯ. 2023ರಿಂದ ಅದರ ಮೊತ್ತ ತಿಂಗಳಿಗೆ 37,000 ರೂಪಾಯಿಗೆ ಏರಿದೆ. ಇದನ್ನು ತಂದೆಗೆ ಹೇಳಿದಾಗ ಅವರ ಮುಖ ಸ್ವಲ್ಪ ಸಡಿಲಾಯಿತು.

ಗಲ್ಫ್ ದುಡಿಮೆಯಿಂದ ಎದ್ದ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? ಆ ಮನೆಗಳ ಅಟ್ಟದಲ್ಲಿ ಹಳೆಯ ಪಾಸ್‌ಪೋರ್ಟು, ಅಕಾಮ, ಕಾಗದ, ಕ್ಯಾಸೆಟ್ಟು ಬಿದ್ದಿರುತ್ತವೆ. ರಂಝಾನಿಗೆ ಮೊದಲು ಮನೆ ಗುಡಿಸುವಾಗ ಅವನ್ನು ಸುಡಬೇಡಿ. ಮನೆಯ ಹಿರಿಯರನ್ನು ಕೂರಿಸಿ, ಯಾವ ಊರಲ್ಲಿದ್ದರು, ಯಾವ ದಾರಿಯಲ್ಲಿ ಬಂದರು ಎಂದು ಮಕ್ಕಳಿಂದ ಬರೆಸಿಡಿ. ಕುವೈತಿನಿಂದ ಬಂದವರಿಗೆ ಈಗ ಎಪ್ಪತ್ತು, ಎಂಬತ್ತು ವರ್ಷ. ಇನ್ನೆಷ್ಟು ದಿನ ಕೇಳಲಿಕ್ಕೆ ಸಿಗುತ್ತಾರೆ?

ಕಳೆದ ವಾರ ಆ ತಂದೆ ಮಸೀದಿಯಲ್ಲಿ ಸಿಕ್ಕಿದರು. "ಎಂತಾಯಿತು ಮಗಳ ಪ್ರಬಂಧ?" ಎಂದು ಕೇಳಿದೆ. "ಬರೀತಾ ಇದ್ದಾಳೆ ಉಸ್ತಾದ್. ನಿನ್ನೆ ನನ್ನ ಅಣ್ಣನ ಮನೆಗೂ ಕರ್ಕೊಂಡು ಹೋದೆ. ಅವರೂ ಕುವೈತಿನಲ್ಲಿ ಇದ್ದವರಲ್ವಾ" ಅಂದರು.